ನೀಲಿ ಡ್ರಮ್ಮು

ನಾಲ್ಕೂವರೆಗೆ ನಲ್ಲಿ, ಐದೂ ಹತ್ತಕ್ಕೆ ಬಂದ್.
ಭಾಂಡುಪ್ಪಿನ ಈ ಗುಡ್ಡದಲ್ಲಿ ಗಡಿಯಾರ ಯಾರಿಗೂ ಬೇಕಿಲ್ಲ.
ಅರ್ಧ ಮುಂಬಯಿ ಕುಡಿಯುವ ನೀರನ್ನು ಸೋಸುವುದು
ನಮ್ಮ ಬೆನ್ನ ಹಿಂದೆಯೇ; ದಪ್ಪ ಕೊಳವೆಗಳು
ನಮ್ಮನ್ನು ದಾಟಿ ಹೋಗುತ್ತವೆ,
ಮಾತಾಡಿಸದ ನೆಂಟರ ಹಾಗೆ.

ನಾನು ತುಂಬುತ್ತೇನೆ. ಕೊಡ, ಬಕೆಟ್ಟು, ಕುಕ್ಕರು,
ಉಪ್ಪಿನಕಾಯಿ ಮುಗಿದ ಭರಣಿ,
ಜಯಶೀಲರು ಪ್ರೆಸ್ಸಿನಿಂದ ತಂದ ಮಸಿಯ ಡಬ್ಬ ಕೂಡ, ಉಜ್ಜಿ ತೊಳೆದು.
ಕೊನೆಗೆ ನೀಲಿ ಡ್ರಮ್ಮು, ಇನ್ನೂರು ಲೀಟರು.
ಅದನ್ನು ಬಳಸುವುದಿಲ್ಲ. ಅದು ನಾಳೆಗೆ.
ನಾಳೆಯೂ ಬಳಸುವುದಿಲ್ಲ. ಅದು ಅದರ ನಾಳೆಗೆ.

ಪ್ರೆಸ್ಸು ಮುಚ್ಚಿ ಏಳು ತಿಂಗಳು.
ಪ್ರೂಫು ನೋಡುತ್ತಿದ್ದವರು ಈಗ ರಾತ್ರಿಯಿಡೀ
ಎಟಿಎಮ್ಮಿನ ಬಾಗಿಲಲ್ಲಿ ಕೂರುತ್ತಾರೆ, ಬೇರೆಯವರ ದುಡ್ಡಿಗೆ ಕಾವಲು.
ನಾನು ಸೀರೆಗೆ ಫಾಲ್ ಹಚ್ಚುತ್ತೇನೆ.
ಎರಡನೆಯವಳ ನರ್ಸಿಂಗ್ ಫೀಸಿನ ಮೂರನೇ ಕಂತು
ಸೂಜಿಯ ಕಣ್ಣಲ್ಲಿ ಕೂತು ನನ್ನನ್ನೇ ನೋಡುತ್ತದೆ.

ಭಾನುವಾರ ಕನ್ನಡ ಆರಾಧನೆ, ಬಾಡಿಗೆಯ ಶಾಲೆಯಲ್ಲಿ.
ಬಂಗೇರ ಪಾಸ್ಟರು ಓದಿದ್ದು ಹೂಗಳ ಮಾತು,
ಬೆವರದ, ನೂಲದ, ಆದರೂ ಉಟ್ಟು ನಿಂತ ಹೂಗಳು.
ನನಗೆ ಸಿಟ್ಟು ಬಂತು. ಯಾರಿಗೆ ಹೇಳಲಿ?
ಹೂವಿಗೆ ಫೀಸಿಲ್ಲ. ಹೂವಿನ ಗಂಡನಿಗೆ ಮೊಣಕಾಲು ನೋವಿಲ್ಲ.
ನನ್ನಜ್ಜ ಮಂಗಳೂರಿನಲ್ಲಿ ಮಿಶನ್ನಿನ ಮಗ್ಗಕ್ಕೆ ಕಣ್ಣು ಕೊಟ್ಟವರು;
ನೂಲು ಗೊತ್ತಿರುವ ಮನೆ ನಮ್ಮದು, ಕರ್ತನೇ,
ನೂಲದಿದ್ದರೆ ಒಲೆ ಉರಿಯುವುದಿಲ್ಲ.

ಸೋಮವಾರ ಪಾಲಿಕೆಯವ ಬಂದ, ಡೆಂಗೀ ತಪಾಸಣೆ.
ಡ್ರಮ್ಮಿನ ಮುಚ್ಚಳ ತೆಗೆದು, ಟಾರ್ಚು ಬಿಟ್ಟು,
"ಬಘಾ, ಮಾವಶಿ" ಎಂದ.
ಬಗ್ಗಿ ನೋಡಿದೆ. ಬೆಳಕಿನ ಕಂಬದೊಳಗೆ ಹುಳಗಳು,
ಇವರು ಪ್ರೂಫಿನಲ್ಲಿ ಹೊಡೆದುಹಾಕುತ್ತಿದ್ದ
ಅಲ್ಪವಿರಾಮಗಳ ಹಾಗೆ, ನೂರಾರು,
ಕೊಂಕುತ್ತ, ಮೇಲೇಳುತ್ತ,
ನಾನು ಕೂಡಿಟ್ಟ ನಾಳೆಯಲ್ಲಿ ಕುಣಿಯುತ್ತಿದ್ದವು.

ಸಂಡೇಸ್ಕೂಲಿನಲ್ಲಿ ಆ ಚಿತ್ರಕ್ಕೆ ಬಣ್ಣ ಹಚ್ಚಿದ್ದೆ:
ಮರಳುಗಾಡು, ಬೆಳಗಿನ ಮನ್ನಾ,
ನಾಳೆಗೆಂದು ಮುಚ್ಚಿಟ್ಟ ಮಡಕೆಯಲ್ಲಿ ಹುಳು.
ಮೂಗು ಮುಚ್ಚಿಕೊಂಡ ಹೆಂಗಸಿಗೆ
ಹಸುರು ಸೀರೆ ಉಡಿಸಿದವಳು ನಾನೇ.

ಅವನು ಡ್ರಮ್ಮು ಉರುಳಿಸಿದ.
ಇನ್ನೂರು ಲೀಟರು ಗಲ್ಲಿಯ ಮೆಟ್ಟಿಲಿಳಿದು ಓಡಿತು,
ಮಕ್ಕಳು ಚಪ್ಪಲಿ ತೇಲಿಬಿಟ್ಟರು.
ನಾನು ನಕ್ಕೆನೋ ಅತ್ತೆನೋ.

ಮಂಗಳವಾರ ನೀರು ಬರಲಿಲ್ಲ. ಎಲ್ಲೋ ಕೊಳವೆ ಒಡೆದಿತ್ತು.
ಇದೇನಾ ನಿನ್ನ ಪಾಠ, ಎಂದೆ ತಗಡಿನ ಮಾಡು ನೋಡಿ.
ಮಧ್ಯಾಹ್ನಕ್ಕೇ ಪಾತ್ರೆಗಳು ತಳ ಕಂಡವು.
ಸಂಜೆ ಶೇವಂತಾ ಗುರವ, ಗೋಡೆಯಾಚೆಯವಳು,
ಎರಡು ವರ್ಷದಿಂದ ನಮ್ಮಲ್ಲಿ ಮಾತಿಲ್ಲ
(ಒಂದು ಕೊಡ ನೀರು ಕೇಳಿದ್ದಳು. ಡ್ರಮ್ಮು ತುಂಬಿತ್ತು. ಇಲ್ಲವೆಂದಿದ್ದೆ.)
ಸೊಂಟದ ಕೊಡವನ್ನು ನನ್ನ ಹೊಸಿಲ ಮೇಲಿಟ್ಟು
"ಘ್ಯಾ" ಎಂದಳು. ಅಷ್ಟೇ. ತಿರುಗಿ ಹೋದಳು.
ಕೊಡದ ಕುತ್ತಿಗೆಯಲ್ಲಿ ಅರಿಸಿನದ ಬೆರಳಿನ ಗುರುತು.
ಆ ನೀರಿನಲ್ಲಿ ಅನ್ನ ಬೆಂದಿತು. ಉಂಡೆವು.

ಈ ಹೊತ್ತು, ಈ ಹೊತ್ತು, ಎಂದು
ಐವತ್ತು ವರ್ಷ ಬೇಡಿದ್ದೇನೆ, ಬಾಯಿಪಾಠ;
ಆ ಪದ ತಿರುಗಿ ನನ್ನ ಮುಖ ನೋಡಿದ್ದು ಅವತ್ತೇ.

ಫೀಸು ಇನ್ನೂ ಕಟ್ಟಿಲ್ಲ. ಹೇಳಿಬಿಡುತ್ತೇನೆ,
ಸಾಕ್ಷಿ ಹೇಳುವವರ ಹಾಗೆ
ಕೊನೆಯ ದಿನ ಚೆಕ್ಕು ಬಂತು ಎನ್ನಲಾರೆ.
ಡ್ರಮ್ಮು ಕವುಚಿಕೊಂಡಿದೆ; ಅದರ ಮೇಲೆ ಕೂತೇ ಫಾಲ್ ಹಚ್ಚುತ್ತೇನೆ.
ಒಂದೊಂದು ರಾತ್ರಿ ಕೈ ತಾನಾಗಿ
ಅದನ್ನು ಎತ್ತಿ ನಿಲ್ಲಿಸಲು ಹೋಗುತ್ತದೆ.

ನಾಲ್ಕೂವರೆಗೆ ನಲ್ಲಿ ತಿರುಗಿಸಿದರೆ
ಮೊದಲು ಬರುವುದು ನೀರಲ್ಲ, ಗಾಳಿ.
ಕೊಳವೆಯ ಗಂಟಲಲ್ಲಿ ಗೊರಗೊರ, ಒಂದು ಉಸಿರು,
ಆಮೇಲೆ ಏನೂ ಇಲ್ಲ.
ಆ ಅರೆನಿಮಿಷ ಕೊಡ ಹಿಡಿದು ಬಗ್ಗಿ ನಿಂತಿರುತ್ತೇನೆ,
ಪಕ್ಕದಲ್ಲಿ ಶೇವಂತಾಳ ಕೊಡ.