ಮಂಗಳವಾರ, ಗುರುವಾರ

ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ
ಎಂದಿತು ಸುತ್ತೋಲೆ.
ಉಳಿದ ದಿನ ಪಾಲಿಕೆಯ ಜನನ ಮರಣ ಶಾಖೆ,
ಕಿಟಕಿ ನಂಬರು ನಾಕು,
ಒಂದು ಕಾಲಿಗೆ ರಟ್ಟು ಮಡಿಸಿಟ್ಟ ನನ್ನ ಮೇಜು.

ಮೊಹರು ಕಚೇರಿ ದಾಟುವಂತಿಲ್ಲ.
ಸಹಿಯ ಕೀಲಿ ದಾಟಬಹುದು. ಹೆಬ್ಬೆರಳಿನಷ್ಟುದ್ದ,
ಹಲ್ಲುಪುಡಿ ಡಬ್ಬಿಯಲ್ಲಿಟ್ಟು
ನಿಟ್ಟುವಳ್ಳಿಗೆ ತರುತ್ತೇನೆ.
ನಮ್ಮ ಮನೆಯಲ್ಲಿ ಸಿಗ್ನಲ್ ನಿಲ್ಲುವುದು ಒಂದೇ ಮೂಲೆಗೆ,
ರೊಟ್ಟಿ ಹಿಟ್ಟಿನ ಡಬ್ಬದ ಮೇಲೆ.
ಅಲ್ಲಿ ಲ್ಯಾಪ್‌ಟಾಪು.

ಎದುರುಮನೆ ನೇತ್ರಕ್ಕ ಬಾಗಿಲಲ್ಲಿ ಇಣುಕಿ,
"ಹೆಂಗೂ ರಜೆ ಅಲ್ಲೇನ್ರಿ,
ನಮ್ದೊಂದು ಸಿಲಿಂಡರ್ ಇಳಿಸ್ಕೊಳ್ರಿ."

ಅತ್ತೆ ರಜೆ ಎನ್ನಲಿಲ್ಲ.
ಹಿಂದೆ ಬಂದು ನಿಂತಳು. "ಏನವಾ ಅದು ಪಟ್ಟಿ?"
ಸತ್ತವರದ್ದು, ಎಂದೆ.
"ಹಿಟ್ಟಿನ ಡಬ್ಬಿ ಮ್ಯಾಲೆ ಹರವ್ಕೊಂಡು ಕುಂತೀಯಲ್ಲೇ!"
ಅವತ್ತೇ ಹಿಟ್ಟು ಬೇರೆ ಡಬ್ಬಕ್ಕೆ ಹೋಯಿತು.
ಲಾಗೌಟ್ ಆದ ಮೇಲೆ ನಾನು ಕೈಕಾಲು ತೊಳೆಯಬೇಕು,
ನೆತ್ತಿಗೆ ಎರಡು ಹನಿ,
ನಾನು ಅತ್ತ ತಿರುಗಿದಾಗ ಲ್ಯಾಪ್‌ಟಾಪಿಗೂ ಒಂದು.

ಸುತ್ತೋಲೆಯಲ್ಲಿ ಸೂತಕದ ಮಾತಿರಲಿಲ್ಲ.

ಆಮೇಲೆ ಗುರುವಾರದಿಂದ ಗುರುವಾರಕ್ಕೆ
ಅವರೆಕಾಳಿನ ಮೊರದೊಂದಿಗೆ
ಗೇಣು ಗೇಣು ಹತ್ತಿರ ಸರಿದಳು. "ಓದು, ಹೆಸರು."
ಕಚೇರಿಯಲ್ಲಿ ನಾವು ಓದುವುದಿಲ್ಲ, ತಾಳೆ ನೋಡುತ್ತೇವೆ:
ಆಸ್ಪತ್ರೆ ನಮೂನೆ, ಆಧಾರ್, ಸ್ಮಶಾನದ ರಸೀದಿ.
ಓದಿದೆ.
"ಗಡಿಯಾರ ಕಂಬದತ್ರ ಕೊಡೆ ರಿಪೇರಿ ಮಾಡ್ತಿದ್ನಲ್ಲ, ಅವನು."
"ಈಕಿ ಹೂವಿನಾಕಿ. ಮೊಳಕ್ಕೆ ಎರಡು ಬೆರಳು
ಜಾಸ್ತಿನೇ ಕೊಡ್ತಿದ್ಲು."
ಕೆಲವು ಹೆಸರಿಗೆ ಏನೂ ಅನ್ನಲಿಲ್ಲ,
ಕಾಳು ಬಿಡಿಸಿದಳು.

ಕ್ರಮ ಸಂಖ್ಯೆ ಹನ್ನೊಂದು. ಫಿರಾನಬಿ.
ವಯಸ್ಸು ಎಪ್ಪತ್ತೊಂದು, ಭಾಷಾ ನಗರ,
ಉದ್ಯೋಗ ಮನೆಗೆಲಸ.
ಮೊರದ ಮೇಲೆ ಕೈ ನಿಂತಿತು.
"ಪೀರಾಂಬಿ. ಫಿರಾನೂ ಅಲ್ಲ ಗಿರಾನೂ ಅಲ್ಲ.
ಮನೆಗೆಲಸ ಯಾವನು ಬರೆದ? ಮಿಲ್ಲು.
ನೂಲು ಸುತ್ತೋ ಖಾತೆ, ರಾತ್ರಿ ಪಾಳಿ.
ನಡುಬೆರಳು ಅರ್ಧ ಮಿಷಿನ್ನಿಗೆ ಕೊಟ್ಟಾಕಿ.
ಹದಿನಾಕು ವರ್ಷ ನನ್ನ ಬುತ್ತಿ ಅರ್ಧ ಆಕಿಗೆ,
ಆಕಿದು ಅರ್ಧ ನನಗೆ.
ತಿದ್ದು ಅದನ್ನ."

ಮಗನಿಗೆ ಫೋನು ಹಚ್ಚಿದೆ.
ಮಂಡಕ್ಕಿ ಭಟ್ಟಿಯ ಸದ್ದಿನೊಳಗಿಂದ ಕೂಗಿದ:
"ಆಧಾರ್‌ನಾಗೆ ಹಂಗೇ ಐತಿ ಮೇಡಂ, ಹಂಗೇ ಕೊಡ್ರಿ,
ತಿದ್ದಿದ್ರೆ ಬ್ಯಾಂಕಿನೋರು ವಾಪಸ್ ಕಳಸ್ತಾರೆ."

ಕೀಲಿ ಚುಚ್ಚಿದೆ.
ಹನ್ನೊಂದು ನಲವತ್ತಾರಕ್ಕೆ
ಫಿರಾನಬಿ ಎಂದೇ ಸಹಿ ಬಿತ್ತು.
ಅತ್ತೆ ಎದ್ದು ಬಚ್ಚಲಿಗೆ ಹೋದಳು.
ನೀರು ಹೊಯ್ದುಕೊಳ್ಳುವ ಸದ್ದು,
ಚೊಂಬಿನ ಮೇಲೆ ಚೊಂಬು,
ಸ್ವಂತದವರಿಗೆ ಹೊಯ್ದುಕೊಳ್ಳುವಷ್ಟು.

ಈ ತಿಂಗಳಿಂದ ಎಲ್ಲರೂ ದಿನಾ ಕಚೇರಿಗೆ,
ಹೊಸ ಸುತ್ತೋಲೆ.
ಕಿಟಕಿ ನಾಕರಲ್ಲಿ ಕೆಲಸ ಬೇಗ ಸಾಗುತ್ತದೆ, ಸುಳ್ಳೇಕೆ.
ಸಂಜೆ ಚಪ್ಪಲಿ ಬಿಡುವಾಗ ಒಳಗಿನಿಂದ ದನಿ:
"ಇವತ್ತು ಯಾರ್ಯಾರು?"
ಮೂವತ್ತೆರಡು, ಎನ್ನುತ್ತೇನೆ.
ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತು.

ಮೂಲೆಯ ಡಬ್ಬ ಖಾಲಿಯೇ ಇದೆ.
ಅವಳಿನ್ನೂ ಅದಕ್ಕೆ ಹಿಟ್ಟು ತುಂಬಿಲ್ಲ.