ಒಳಪದರಕ್ಕೆ ಎಷ್ಟು ಪುಡಿ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ, ಸೈಕಲ್ ಅಂಗಡಿಯ ಮೇಲೆ,
ಹತ್ತಡಿ ಕೋಣೆಯಲ್ಲಿ ನಾನು ಹಲ್ಲು ಕೂರಿಸುತ್ತೇನೆ.
ಕಿಟಕಿ ತೆರೆದರೆ ಬೇಯುವ ಗೂಡಿನ ವಾಸನೆ,
ಮುಚ್ಚಿದರೆ ರೆಸಿನ್ನಿನದು.
ಎರಡರಲ್ಲೂ ಕೂತು ಅನ್ನ ಉಂಡಿದ್ದೇನೆ.

ಡಾಕ್ಟರ್ ಶಕೀಲಾ ಅವರ ಚೀಟಿ ಹಿಡಿದು
ಮೇಲೂರಿನ ಪಿಳ್ಳಮ್ಮ ಮೆಟ್ಟಿಲೇರಿ ಬಂದಳು.
ಸೆರಗಿನಿಂದ ಮೇಲಿನ ಸೆಟ್ಟು ಬಿಚ್ಚಿ ಮೇಜಿನ ಮೇಲಿಟ್ಟು
ಬಾಯಿ ತೆರೆದಳು.
ಅಂಗುಳೆಲ್ಲ ಕೆಂಪು. ಸೆಟ್ಟಿನ ಅಂಚು ಎಲ್ಲಿ ನಿಲ್ಲುತ್ತದೋ
ಕೆಂಪೂ ಅಲ್ಲೇ ನಿಂತಿತ್ತು, ಸರ್ವೇಯವರು ಗೆರೆ ಎಳೆದ ಹಾಗೆ.
ಒಸಡು ಕರಗಿ ಸಡಿಲವಾದ ಕಡೆಯೆಲ್ಲ
ಬೂಷ್ಟು ಸಂಸಾರ ಹೂಡಿತ್ತು.

ಚೀಟಿಯಲ್ಲಿ: ಮೆತ್ತನೆ ಒಳಪದರ ಹಾಕಿ, ಬೂಷ್ಟಿನ ಔಷಧಿ ಕಲಸಿ.
ಎಷ್ಟು ಎಂದು ಬರೆದಿರಲಿಲ್ಲ.
ಫೋನು ಮಾಡಿದೆ. "ಅದನ್ನೇ ಹುಡುಕ್ತಿದೀನಿ" ಅಂದರು,
"ಒಂದೊಂದು ಪೇಪರ್ ಒಂದೊಂದು ಹೇಳುತ್ತೆ."

ಆ ರಾತ್ರಿ ಗಟ್ಟಿ ರೆಸಿನ್ನಿನ ಕಡ್ಡಿಗಳಿಗೆ ಮೆತ್ತನೆ ಪದರ ಅಂಟಿಸಿದೆ:
ಪುಡಿ ಇಲ್ಲದ್ದು, ನೂರಕ್ಕೆ ಒಂದು, ನೂರಕ್ಕೆ ಐದು, ನೂರಕ್ಕೆ ಹತ್ತು.
ನಾಲ್ಕು ಲೋಟ ನೀರು, ನಾಲ್ಕು ಚೀಟಿ.
ವಾರ ಬಿಟ್ಟು, ಅಪ್ಪನ ಕಾಲದ ರೇಷ್ಮೆ ತಕ್ಕಡಿಯ ಕಲ್ಲುಗಳನ್ನು
ಒಂದೊಂದಾಗಿ ನೇತುಹಾಕಿ ಎಳೆದೆ.
ಪುಡಿ ಇಲ್ಲದ ಪದರ ತಾನೇ ಹರಿಯಿತು, ಹಿಡಿತ ಬಿಡಲಿಲ್ಲ.
ಹತ್ತರದು ಮುನ್ನೂರು ಗ್ರಾಮಿಗೇ
ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದು ಬಂತು.
ಬಣ್ಣ ಹಳೇ ತುಪ್ಪದ್ದು, ಮುಟ್ಟಿದರೆ ಒರಟು.
ಒರಟು ಜಾಗ ಕಂಡರೆ ತಾನೆ ಬೂಷ್ಟು ಮತ್ತೆ ಕಾಲೂರುವುದು?
ಐದರದು, ಹೋಗಲಿ ಅನ್ನುವಷ್ಟು ತಡೆಯಿತು.
ಇದು ಪರೀಕ್ಷೆ ಅಲ್ಲ, ಗೊತ್ತು.
ಆದರೂ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಿಟ್ಟೆ.

ಪಿಳ್ಳಮ್ಮನಿಗೆ ಹೇಳಿದೆ. ಬೋಳು ಬಾಯಲ್ಲಿ ನಕ್ಕಳು.
"ಇದನ್ನ ನಂಗೇಳ್ತೀಯಾ?
ಸುಣ್ಣಕಟ್ಟು ಬಂದ್ರೆ ಹುಳ
ಬಳಪದ ಕಡ್ಡಿ ಆಗ್ಬಿಡುತ್ತೆ, ಮುರಿದ್ರೆ ಪಟ್ ಅನ್ನುತ್ತೆ.
ಜ್ವರ ಎದ್ದ ಮೇಲೆ, ಸೊಪ್ಪು ಹಾಕೋಕ್ ಮುಂಚೆ,
ಬಟ್ಟೇಲಿ ಕಟ್ಟಿ ತೆಳ್ಳಗೆ ಪುಡಿ ಉದುರಿಸ್ತೀವಿ.
ನಮ್ಮ ಮೈದುನ ಒಂದ್ಸಲ ಹೆದರ್ಕೊಂಡು ಮೊರದಲ್ಲಿ ಸುರಿದ.
ರೋಗ ಬರ್ಲಿಲ್ಲ.
ಹುಳ ಸೊಪ್ಪು ಮುಟ್ಲಿಲ್ಲ."

ಡಾಕ್ಟರು ಹೂಂ ಅಂದರು. ಐದು ಕಲಸಿದೆ.
ಹಾಕಿ, ಕಚ್ಚಿಸಿ, ಅಂಚು ಕತ್ತರಿಸಿ, ಕೊನೆಗೆ ಹೇಳಿದೆ:
ರಾತ್ರಿ ತೆಗೆದಿಟ್ಟು ಮಲಗಬೇಕಮ್ಮಾ.

"ಆಗಲ್ಲ."

ಯಾಕೆ?

"ಹುಳದ ಮನೇಲಿ ಮಲಗ್ತೀನಿ. ಮೊದಲನೇ ಸೆಟ್ಟನ್ನ ಇಲಿ ಹೊತ್ಕೊಂಡೋಯ್ತು.
ಬಿಲ ಅಗೆದ್ರೆ ಸಿಕ್ಕಿದ್ದು ಎರಡೇ ದವಡೆ ಹಲ್ಲು."

ಆರು ವರ್ಷ ಅವಳು
ಬಾಯನ್ನೇ ಪೆಟ್ಟಿಗೆ ಮಾಡಿಕೊಂಡಿದ್ದಳು.
ಔಷಧಿಯ ಪೊಟ್ಟಣದ ಮೇಲೆ ಇಲಿಯ ಮಾತಿರಲಿಲ್ಲ,
ಡಾಕ್ಟರ ಪೇಪರುಗಳಲ್ಲೂ ಇದ್ದಿರಲಾರದು.
ನನ್ನ ಕ್ಯಾರಿಯರಿನ ಮೇಲಿನ ಡಬ್ಬಿ,
ಕೊಕ್ಕೆ ಬಿಗಿಯಾಗಿದ್ದುದು, ತೊಳೆದು ಕೊಟ್ಟೆ.

ಹದಿನೈದು ದಿನಕ್ಕೆ ಬಂದಳು.
ಕೆಂಪು ಇಳಿದಿತ್ತು. ಗೆರೆ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು.
ಪುಡಿಯಿಂದಲೋ, ಡಬ್ಬಿಯಿಂದಲೋ?
ಎರಡನ್ನೂ ಒಂದೇ ದಿನ ಕೊಟ್ಟ ದಡ್ಡ ನಾನು.
ಕಿಟಕಿಯ ಲೋಟ ನೋಡಿದರೆ ನೀರಿಗೆ ತೆಳು ಹಳದಿ ಬಂದಿದೆ,
ಕಡ್ಡಿ ಬಿಳಿಚಿಕೊಂಡಿದೆ.
ಅವಳ ಬಾಯಲ್ಲೂ ಔಷಧಿ ಇಷ್ಟು ಹೊತ್ತಿಗೆ
ಸಾರಿನ ಜೊತೆ ಹೊಟ್ಟೆ ಸೇರಿರಬೇಕು.
"ಏನೋ ಒಂದು" ಅಂದಳು ಪಿಳ್ಳಮ್ಮ,
ಹುರಿಗಡಲೆ ಬಾಯಿಗೆ ಹಾಕಿಕೊಂಡು, "ಡಬ್ಬಿ ಮಾತ್ರ ಕೇಳ್ಬೇಡ."

ಸಾರು ಈಗ ಪ್ಲಾಸ್ಟಿಕ್ ಕವರಿನಲ್ಲಿ ತರುತ್ತೇನೆ.
ಐದರ ಲೋಟ ಹಾಗೇ ಇದೆ.
ಬೆಳಿಗ್ಗೆ ಬಂದವನೇ ಉಗುರಿನಿಂದ ಪದರದ ಅಂಚು ಎತ್ತಿ ನೋಡುತ್ತೇನೆ.
ಇನ್ನೂ ಹಿಡಿದಿದೆ.