ಎರಡು ಸಲ ಕಳೆದದ್ದು

ಹಳದಿ ಡಬ್ಬಿ, ಅಂಗೈಯಷ್ಟು.
ಒಳಗೆ ಸುರುಳಿ ಸುತ್ತಿ ಮಲಗಿದ ಉಕ್ಕಿನ ನಾಲಗೆ,
ತುದಿಯ ಕೊಕ್ಕೆಯ ಕೆಳಗೊಂದು ಮುಳ್ಳು,
ಡಬ್ಬಿಯ ಬೆನ್ನಲ್ಲಿ ಪೆನ್ಸಿಲ್ ತೂರುವಷ್ಟೇ ತೂತು.
ಟೇಪೂ ಅದೇ, ಕೈವಾರವೂ ಅದೇ.
ವಾಲ್ಪರೈಸೊದ ಭಾನುವಾರದ ಸಂತೆಯಲ್ಲಿ
ಒಡೆದ ರೇಡಿಯೊಗಳ ನಡುವೆ ಸಿಕ್ಕಿತು.
ಮೂರು ಸಾವಿರ ಪೆಸೊ ಅಂದವನು ಎರಡಕ್ಕೆ ಕೊಟ್ಟ.

ಮೇಸ್ತ್ರಿ ನಿಬಾಲ್ಡೊ ಮೂಸಿ ನೋಡುವುದೊಂದು ಬಾಕಿ.
"ಒಂದು ಮೊಳೆ, ಒಂದು ದಾರ ಸಾಲದೇನೆ ಯಾಸ್ನಾ?
ವೃತ್ತಕ್ಕೂ ದುಡ್ಡು ಕೊಡುವ ಕಾಲ ಬಂತೆ?"
ನಾನು ಟೀಗೆ ನೀರಿಟ್ಟು ಬರುವಷ್ಟರಲ್ಲಿ
ನೆಲದ ತುಂಬ ನಾಲ್ಕು ವೃತ್ತ ಎಳೆದು
ಬೂಟಿನಿಂದ ಒರೆಸುತ್ತಿದ್ದರು, ಕಳ್ಳನ ಹಾಗೆ.

ಮಂಗಳವಾರ ದೋನ್ಯಾ ಫ್ರೆಸಿಯಾಳ ಮೇಜು ಬಂತು,
ನೂರಾ ಎಪ್ಪತ್ತೆರಡು ಮೆಟ್ಟಿಲು, ಇಬ್ಬರ ಬೆನ್ನ ಮೇಲೆ.
ರೌಲಿ ಮರ, ದುಂಡಗೆ, ಎಂಟು ಜನ ಕೂರುವಂಥದ್ದು.
ಗುಡ್ಡದ ಮೇಲಿನ ಹೊಸ ಮನೆಯಲ್ಲಿ
ಮೇಜು ಒಳಗೆ ಬಂದರೆ ಒಲೆಯ ಬಾಗಿಲು ತೆರೆಯದು,
ಒಲೆ ತೆರೆದರೆ ಅತ್ತಿಗೆ ಎದ್ದು ನಿಲ್ಲಬೇಕು.
"ಕತ್ತರಿಸಿ," ಅಂದಳು. "ಐದು ಜನಕ್ಕೆ ಸಾಕು."
ಯಾರು ಆ ಮೂವರು ಎಂದು ನಾವು ಕೇಳಲಿಲ್ಲ.
ಒಬ್ಬ ಸತ್ತವನು, ಒಬ್ಬಳು ಮಾತು ಬಿಟ್ಟವಳು ಎಂದು
ಮೆಟ್ಟಿಲು ಹತ್ತುವಾಗಲೇ ಹೊತ್ತವರು ಹೇಳಿದ್ದರು.
ಮೂರನೆಯವರು ಅವರಿಗೂ ಗೊತ್ತಿಲ್ಲ.

"ಕೆಟಲ್ ಸುಟ್ಟ ಕಲೆ ಉಳಿಯಲಿ," ಅಂದಳು.
"ಅಂಚಿನ ಆ ಚಾಕು ಗೀರು? ಹೋದರೆ ಹೋಗಲಿ...
ತಡಿ. ಹೋಗಲಿ. ಇಲ್ಲ, ತಡಿ."
ಅಳೆದೂ ಸುರಿದೂ ಹನ್ನೊಂದು ಗಂಟೆಯಾಯಿತು.

ಮೇಜನ್ನು ಬೋರಲು ಹಾಕಿದೆವು.
ಜೇಡರ ಬಲೆ, ಒಣಗಿದ ಚೂಯಿಂಗ್ ಗಮ್ಮು,
ಯಾವುದೋ ಮಗು ಕೆಳಗೆ ಮಲಗಿ ಬರೆದ ಹಡಗು.
ನಡುವನ್ನು ಹುಡುಕಲು ಅಂಚಿನಿಂದ ಅಂಚಿಗೆ
ಗೀಟು ಹಾಕಬೇಕು, ಅದು ನನ್ನ ಪಾಠ.
ಮೊದಲು ಧೂಳೊರೆಸೋಣವೆಂದು ಬೆರಳಾಡಿಸಿದೆ.
ಬೆರಳಿಗೆ ಒಂದು ಕುಳಿ ಸಿಕ್ಕಿತು,
ಸಾಸಿವೆಯಷ್ಟು, ಅಂಚು ನುಣುಪಾದದ್ದು.

ಯಾರೋ ಮೊಳೆ ಹೊಡೆದಿದ್ದ. ದಾರ ಕಟ್ಟಿದ್ದ.
ಹಡಗಿನ ಬಡಗಿಯೋ, ಜೈಲಿನಲ್ಲಿ ಕಲಿತವನೋ,
ಹೆಸರಿಲ್ಲ, ಚೀಟಿಯಿಲ್ಲ.
ನನ್ನ ಟೇಪಿನ ಮುಳ್ಳು ಹೋಗಿ ಅಲ್ಲಿ ಕೂತಿತು,
ಅದಕ್ಕಾಗಿಯೇ ತೋಡಿಟ್ಟ ಹಾಗೆ.
ನಿಬಾಲ್ಡೊ ಏನೂ ಅನ್ನಲಿಲ್ಲ.
ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು,
ಅಂಗಿಗಿಂತ ಕನ್ನಡಕ ಚೊಕ್ಕಟವಾಗಿತ್ತು.

ಲೆಕ್ಕ ಹೀಗೆ: ಬೇಕಾದ ತ್ರಿಜ್ಯ ನಲವತ್ತೆಂಟು,
ಡಬ್ಬಿಯ ಉದ್ದ ಆರು,
ಕಳೆದರೆ ನಲವತ್ತೆರಡು.
ಚೀಟಿಯಲ್ಲಿ ಬರೆದಿಟ್ಟೆ, ನಲವತ್ತೆರಡು.
ಮೇಸ್ತ್ರಿ ಬೀದಿಗೆ ಹೋಗುತ್ತ ಬಾಗಿಲಿಂದ ಕೂಗಿದರು,
"ಆರು ಕಳೆಯೋದು ಮರೀಬೇಡ!"
ಮರೆಯಲಿಲ್ಲ. ಮತ್ತೊಮ್ಮೆ ಕಳೆದೆ.

ಪೆನ್ಸಿಲ್ ಸುತ್ತು ಹಾಕುವಾಗ ಎಂಥ ಸದ್ದು!
ಬೆಕ್ಕು ಹಾಲು ನೆಕ್ಕಿದ ಹಾಗೆ.
ಗೀಟು ಹೊರಟಲ್ಲಿಗೇ ಬಂದು ಸೇರಿತು,
ಕೂದಲೆಳೆಯಷ್ಟೂ ತಪ್ಪದೆ,
ತಪ್ಪಾದ ಜಾಗದಲ್ಲಿ.

ಗರಗಸ ಕೈಗೆತ್ತಿಕೊಂಡಾಗ
ಫ್ರೆಸಿಯಾ ಮೂಲೆಯ ಸ್ಟೂಲಿನಿಂದ ಕೇಳಿದಳು,
"ಐದು ಜನ ಅಂದೆನಲ್ಲ ಮಗಳೆ, ನಾಲ್ಕಕ್ಕೆ ಇಳಿಸಿದೆಯಾ?"
ಅಳತೆ ಅವಳ ಕಣ್ಣಲ್ಲಿತ್ತು.
ಅಷ್ಟು ವರ್ಷ ತಟ್ಟೆ ಇಟ್ಟವಳು.

ಹೊರಗೊಂದು ಗೀಟು ಮತ್ತೆ ಎಳೆದೆ.
ಕತ್ತರಿಸಿದೆ. ಉಂಗುರ ಎರಡು ಕಡೆ ಬಿರುಕು ಬಿಟ್ಟರೂ
ಬಿಡಲಿಲ್ಲ, ಕೆಂಪಗೆ, ಅಗಲವಾಗಿ, ನೆಲಕ್ಕೆ ಇಳಿಯಿತು.
ಫ್ರೆಸಿಯಾ ಬಂದಳು, ಲಂಗ ಎತ್ತಿ ಹಿಡಿದು
ಅದರ ಒಳಗೆ ಕಾಲಿಟ್ಟು ನಿಂತಳು.
ಸ್ವಲ್ಪ ಹೊತ್ತು ನಿಂತಳು.
"ಇದರ ಕೂಲಿ ಹಿಡಿಯಬೇಡ," ಅಂದಳು,
"ಇದನ್ನೂ ಒಯ್ಯುತ್ತೇನೆ."
ಚಾಕು ಗೀರಿನ ತುಂಡು ಅವಳ ಬಲಗಾಲ ಬಳಿ ಇತ್ತು.

ಈಗ ಅವರ ಒಲೆ ತೆರೆಯುತ್ತದಂತೆ.
ಮೇಜಿನ ಕೆಳಗೆ, ಐದು ಜೋಡಿ ಮೊಣಕಾಲುಗಳ ಮೇಲೆ,
ನನ್ನ ತಪ್ಪು ಗೀಟು ಹಾಗೇ ಇದೆ.
ಅಳಿಸಬಹುದಿತ್ತು. ರಬ್ಬರೂ ಜೇಬಿನಲ್ಲಿತ್ತು.
ಮತ್ತೆ ಯಾವತ್ತಾದರೂ ಯಾರಾದರೂ
ಈ ಮೇಜನ್ನು ಬೋರಲು ಹಾಕಿದರೆ
ನಡುವಿನ ಕುಳಿ ಅವರಿಗೆ ಬೇಗ ಸಿಗಲಿ.
ಗೀಟಿನ ಆಚೆಗೇ ಕತ್ತರಿಸಲಿ.